ಫೆಜ್ ಊರಿನ ಉಪ್ಪಿಟ್ಟು

ಹಲೋ... ಹಲೋ, ಯಾರು ಮಾತಾಡ್ತಿರೋದು? ಮಂಗಳಗೌರಕ್ಕನಾ? ನಾನು ಕಣಕ್ಕ, ಪಕ್ಕದ್ಮನೆ ಅಡ್ಗೆ ಗುರುಮಲ್ಲಪ್ಪ. ಸುತ್ತೂರಲ್ಲಿಲ್ಲ, ಮೊರಾಕೋಲಿ ಇವ್ನಿ. ನಮ್ಮನೆಯೋಳು ಸಿದ್ದಲಿಂಗಮ್ಮನ್ನ ವಸಿ ಕೂಗು. ಬೇಗ, ಕಾಸು ನುಂಗೋ ಫೋನು ಇದು...

ಅಮ್ಮಿ, ನಾನೇ! ... ಯಾಕೆ ಗಾಬ್ರಿ? ಏನೂ ಆಗಿಲ್ಲ. ಅಲ್ಲ, ಆಗದೆ, ಆದ್ರೆ ಒಳ್ಳೇದೇ ಆಗದೆ. ನಗ್ತಾ ನಗ್ತಾ ಒಟ್ಟೆ ನೋಯ್ತಾ ಅದೆ ಕಣೆ...

ಹಾಂ? ಉಂಡ್ನಾ ಅಂತೀಯಾ? ಉಣ್ಣದೇನು, ಎಲ್ಲರ್ಗೂ ಉಣ್ಸಿ ಬಂದೆ. ಮೊದ್ಲಿಂದ ಯೋಳ್ತೀನಿ ಕೇಳು. ಮೈಸೂರೋರ್ ಟೂರಿಗೆ ಅಡ್ಗೆ ಮಾಡಕೆ ಬಂದೋನು ನಾನು, ಅಲ್ವಾ? ನಮ್ ರವೆ, ಅಕ್ಕಿ, ಬೇಳೆ ಎಲ್ಲಾ ಇದ್ದ ಪೆಟ್ಟಿಗೆ ವಿಮಾನ್ದಲ್ಲಿ ಎತ್ಲಗೋ ಒಂಟೋಯ್ತು...

ಹೂಂ, ಸಿಕ್ಕೇ ಇಲ್ಲ. ಟೂರ್ ಯಜಮಾನ ಅಮೃತೇಶ್ ಕೆಂಡ ಆಗ್ಬುಟ್ರು. ಟೂರ್‌ನೋರೆಲ್ಲ ಬರೀ ಬ್ರೆಡ್ಡು ತಿಂದು ಬೈಕತಾವ್ರೆ. 'ನಾಳೆ ಇವ್ರಿಗೆ ನಮ್ಮೂರ್ ತಿಂಡಿ ಇಲ್ದಿದ್ರೆ ನಿನ್ನ ವಾಪಸ್ ಕಳುಸ್ತೀನಿ, ಇನ್ಮೇಲೆ ಯಾವ್ ಟೂರಿಗೂ ಕರ್ಯಲ್ಲ' ಅಂದ್ಬುಟ್ರು...

ಬೈಬ್ಯಾಡ ಕಣೆ ಅವ್ರ್ನ, ಈಗ ಸರಿಯೋಗವ್ರೆ. ಮುಂದುಕ್ಕೆ ಕೇಳು. ನಾವ್ ಇಳ್ಕಂಡಿರೋದು ಫೆಜ್ ಅನ್ನೋ ಊರಲ್ಲಿ, ಒಂದ್ ತೊಟ್ಟಿಮನೇಲಿ. ಮನೆಯಮ್ಮ ಖದೀಜಾ ಅಂತ. ಶುಕ್ರವಾರ ಬೆಳಿಗ್ಗೆ ನೋಡ್ತೀನಿ, ಅಡ್ಗೆಮನೇಲಿ ಕಾಲ್ ನೀಡ್ಕಂಡು ಕೂತವ್ಳೆ, ಮುಂದ್ಗಡೆ ಮೊರದಗಲ ತಟ್ಟೆ, ಅದ್ರ ತುಂಬ ಏನ್ ಗೊತ್ತಾ?...

ರವೆ ಕಣಮ್ಮಿ, ರವೆ! ನಮ್ ಗೋಧಿ ರವೆ! ನೋಡಿ ಕುಣ್ದಾಡ್ಬುಟ್ಟೆ...

ಭಾಷೆನಾ? ಅವ್ಳಿಗೆ ಕನ್ನಡ ಬರಲ್ಲ, ನನ್ಗೆ ಅವ್ಳದ್ದು ಬರಲ್ಲ. ಎಲ್ಲಾ ಕೈಸನ್ನೆ. ನೀರು ಚಿಮುಕ್ಸಿ, ಅಂಗೈಲಿ ತಿಕ್ಕಿ ತಿಕ್ಕಿ ಸಾಸ್ವೆ ಕಾಳಿನಂಗೆ ಮಣಿ ಮಾಡ್ತಾಳೆ. ಕುಸ್ಕುಸ್ ಅಂತಾರೆ. ನಾನೂ ಕೈ ಆಕ್ದೆ. ಮುದ್ದೆ ಕಟ್ಟೋ ಕೈ ಅಲ್ವಾ, ಸುಮ್ಕಿರತ್ತಾ? ಅಮುಕ್ಬುಟ್ಟೆ. ಚಟ್ ಅಂತ ಕೈ ಮ್ಯಾಲೆ ಒಡುದ್ಲು ನೋಡು!...

ನಗು, ನಗು. ... ಆಮ್ಯಾಕಾ? ತೂತಿನ ಪಾತ್ರೆಗಾಕಿ ಅಬೇಲಿ ಬೇಯ್ಸದು, ತಗ್ದು ಉದುರುದ್ರಾಗಿ ಬಿಡುಸದು, ತಿರ್ಗಾ ಬೇಯ್ಸದು. ಕೆಳ್ಗಡೆ ಮಡಕೇಲಿ ಕುಂಬ್ಳಕಾಯಿ, ಕ್ಯಾರೆಟ್ಟು, ಕಡ್ಲೆಕಾಳು. ... ಥೂ, ಮಾಂಸ ಇಲ್ಲ ಕಣೆ. ಕೊರಳಲ್ಲಿರೋ ಲಿಂಗ ತೋರ್ಸಿ ಬ್ಯಾಡ ಅಂದೆ. ನಮ್ಗೇಂತ ಬ್ಯಾರೆ ಮಡಕೆ ಇಟ್ಲು ಪುಣ್ಯಾತ್ಗಿತ್ತಿ...

ಒಗ್ಗರಣೆನಾ? ಅದೇ ಯೋಳಕ್ ಬಂದೆ! ನೀನು ಕಟ್ ಕೊಟ್ಟಿದ್ಯಲ್ಲ ಸಾಸ್ವೆ, ಇಂಗು, ಕರಿಬೇವು, ಅದು ನನ್ ಕೈಚೀಲ್ದಲ್ಲೇ ಇತ್ತು. ಎಣ್ಣೇಗೆ ಇಂಗು ಬಿದ್ದೇಟ್ಗೆ ಖದೀಜಾ ಮೂಗ್ ಮುಚ್ಕಂಡು ಆಚ್ಗೆ ಓಡೋದ್ಲು! ನಾನು ಕುಸ್ಕುಸ್ ಆಕಿ ಉಪ್ಪಿಟ್ಟು ಕೆದಕ್ದೆ, ನಿಂಬೆಣ್ಣು ಇಂಡ್ದೆ. ಆಮೇಲ್ ಬಂದು ಒಂದ್ ತುತ್ತು ತಿಂದೋಳು, ಅಕ್ಕಪಕ್ಕದ ಎಂಗಸ್ರನ್ನೆಲ್ಲ ಕೂಗ್ಬುಟ್ಲು...

ನಮ್ಮೋರಾ? ಬಸ್ಸಲ್ಲಿ ಕಿಟ್ಕಿ ಸೀಟಿಗೆ ಜಗಳ ಆಡೋರು, ಒಂದೇ ದೊಡ್ ತಟ್ಟೆ ಸುತ್ತ ಕೂತು ಉಂಡ್ರು. ಈಗ ಎಲ್ರೂ ಸೆರಗು ಸಿಕ್ಕುಸ್ಕಂಡು, ತೋಳು ಮಡುಚ್ಕಂಡು ರವೆ ತಿಕ್ತಾ ಕೂತವ್ರೆ. ಅಮೃತೇಶ್ ಮೂಗ್ಮೇಲೂ ರವೆ...

ಸರಿ, ಈಗ ಇಚಾರ ಕೇಳು. ಅಮೃತೇಶ್ ಅವ್ರು ಮುಂದಿನ್ ವರ್ಷ ಅಡ್ಗೆ ಕಲ್ಯೋರಿಗೇಂತ್ಲೇ ಟೂರ್ ಮಾಡ್ತಾರಂತೆ. ಇಲ್ಲೀದು ಖದೀಜಾ ಕಲುಸ್ತಾಳೆ, ನಮ್ದು ನಾವು ಕಲುಸ್ಬೇಕು. ನಾವು ಅಂದ್ರೆ... ನಾನೂ ನೀನೂ ಕಣೆ...

ತಮಾಸೆ ಅಲ್ಲ. ಮದ್ವೆ ಆದಾಗ್ಲಿಂದ ನೀನು ಪುಡಿ ಕುಟ್ಟಿ ಕಟ್ ಕೊಡದು, ನಾನು ಊರೂರ್ ತಿರುಗಿ ಬೇಷ್ ಅನ್ನುಸ್ಕಳದು. ಸಾಕು. 'ಅವಳ್ ಬಂದ್ರೇ ನಾನ್ ಬರದು' ಅಂದ್ಬುಟ್ಟೆ...

ಎಮ್ಮೆನಾ? ಮಂಗಳಗೌರಕ್ಕ ನೋಡ್ಕತಾಳೆ, ಅಲ್ಲೇ ಅವ್ಳಲ್ಲ, ಕೇಳು. ... ಜನ ಏನಾರ ಅಂದ್ಕಳ್ಳಿ. ... ಸೀರೇಲೇ ಬಾ, ಯಾರ್ ಬ್ಯಾಡಂದ್ರು?...

ಏನು? ಜೋರಾಗಿ ಯೋಳು, ಇಲ್ಲಿ ಬೀದೀಲಿ ಬರೀ ಗಲಾಟೆ... ಬತ್ತೀನಿ ಅಂದ್ಯಾ? ... ಅಂದ್ಯಾ? ಇನ್ನೊಂದ್ಸಲ ಅನ್ನು. ಕೇಳುಸ್ತು ಕಣಮ್ಮಿ, ಕೇಳುಸ್ತು. ಸುಮ್ನೆ, ಇನ್ನೊಂದ್ಸಲ... ಹಲೋ? ಹಲೋ...