ರಾಲಿಗೆ ಎಣಿಕೆ ಬರೋದಿಲ್ಲವಂತೆ

...ಆ ಕಾಗದ ಇನ್ನೊಂದ್ಸಲ ಓದಬೇಡ, ಸಾಕು. ನಾಲ್ಕು ಸಲ ಕೇಳಿಸ್ಕೊಂಡೆ, ನಾಲ್ಕು ಸಲಾನೂ ಹೊಟ್ಟೆ ಉರೀತು. "ಸಂಖ್ಯೆಯ ಪ್ರಜ್ಞೆ ಬೆಳೆದಿಲ್ಲ." ಯಾರಿಗೆ? ನಮ್ಮ ರಾಲಿಗೆ! ಐದು ತುಂಬಿದ ಕೂಸಿಗೆ! ಆ ಒಂದು ಸಾಲಿಗೋಸ್ಕರ ಅವಳನ್ನ ಪಟ್ಟಣದ ಬೇರೆ ಶಾಲೆಗೆ ಹಾಕ್ಬೇಕಂತೆ, ಸೋಮವಾರ ಬಿಟ್ಟು ಬಂದ್ರೆ ಶುಕ್ರವಾರ ಕರ್ಕೊಂಡು ಬರಬೇಕಂತೆ. ಪೆನ್ನು ಕೆಳಗಿಡು ನೆವೆನಾ. ನಿನ್ನ ಅತ್ತೆ ಹೇಳ್ತಿದೀನಿ. ಮೊದಲು ಈ ಸುಟ್ಟ ದಪ್ಪ ಮೆಣಸಿನಕಾಯಿ ಸುಲಿ, ಆರಿ ಹೋದ್ರೆ ಸಿಪ್ಪೆ ಬಿಡಲ್ಲ. ಸಹಿ ಆಮೇಲೆ. ಆಮೇಲೂ ಬೇಡ.

ಬರೆದೋಳು ಯಾರು? ಶಿಶುವಿಹಾರದ ಯೋರ್ದಾಂಕಾ ಟೀಚರು. ಅವಳಿಗೆ ಲೆಕ್ಕ ಬರುತ್ತಾ, ಮೊದಲು ಅದನ್ನ ಕೇಳು. ಮದುವೆಯಾಗಿ ಏಳು ತಿಂಗಳಿಗೆ ಹೆತ್ತಳು. ನಾಲ್ಕು ಕಿಲೋ ತೂಕದ ಗುಂಡು ಕೂಸು. ಇಡೀ ಹಳ್ಳಿ ಬೆರಳು ಮಡಚಿ ಎಣಿಸ್ತು, ಅವರಮ್ಮ ಮಾತ್ರ ಚರ್ಚಿನ ಬಾಗಿಲಲ್ಲಿ ನಿಂತು ತಿಂಗಳು ತುಂಬದ ಮಗು, ತಿಂಗಳು ತುಂಬದ ಮಗು ಅಂತ ಕಂಡಕಂಡೋರಿಗೆಲ್ಲ ಹೇಳಿದ್ದೇ ಹೇಳಿದ್ದು. ಆ ಕೂಸಿನ ಕಿವಿ ನೋಡಿದೀಯಾ? ನಮ್ಮ ಪಶುವೈದ್ಯನ ಕಿವಿ, ತಂದು ಅಂಟಿಸಿದ ಹಾಗಿದೆ. ನಗಬೇಡ ಕಣೇ... ಓ, ನೀನು ನಗ್ತಿಲ್ಲ. ಬೇರೆ ದಿನ ಆಗಿದ್ರೆ ನಗ್ತಿದ್ದೆ.

ಆ ಟೀಚರು ಕೇಳಿದ್ದಾದ್ರೂ ಏನು? ಮೇಜಿನ ಮೇಲೆ ಅಂಗಿ ಗುಂಡಿ ಜೋಡಿಸಿದ್ಲು, ನೀನೇ ಹೇಳಿದ್ಯಲ್ಲ. ಒಂದು ಸಾಲಲ್ಲಿ ಆರು, ಒತ್ತೊತ್ತಾಗಿ. ಇನ್ನೊಂದರಲ್ಲಿ ಐದೇ, ದೂರ ದೂರ. ಯಾವುದು ಜಾಸ್ತಿ ಅಂದ್ರೆ ಕೂಸು ಉದ್ದನೆ ಸಾಲು ತೋರಿಸ್ತು. ತೋರಿಸದೆ ಇನ್ನೇನು ಮಾಡುತ್ತೆ? ಉದ್ದ ಇರೋದು ಕಣ್ಣಿಗೆ ಜಾಸ್ತಿ ಕಾಣುತ್ತೆ. ನನಗೆ ಎಪ್ಪತ್ತನಾಲ್ಕು, ನನ್ನ ಕಣ್ಣೇ ಮೋಸ ಹೋಗುತ್ತೆ. ಸಂತೇಲಿ ಆ ಈರುಳ್ಳಿಯವನು ಗುಡ್ಡೆ ಹರಡಿ ಇಟ್ಟೇ ನಮ್ಮ ತಲೆ ಬೋಳಿಸೋದು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೋಳು, ಒಪ್ಪಿದೆ. ಆದ್ರೆ ನೀನು ಹೊಲಿಗೆ ಕಾರ್ಖಾನೆಗೆ ಹೋದಾಗ ಆ ಕೂಸಿನ ತಲೆ ಹೇಗೆ ಬೆಳೀತು ಅಂತ ನೋಡಿದೋಳು ನಾನು. ಎರಡು ವರ್ಷದವಳಿದ್ದಾಗ ಅವಳಿಗೆ ಇದ್ದದ್ದು ಎರಡೇ ಮಾತು. "ಒಂದು", ಇಲ್ಲ ಅಂದ್ರೆ "ತುಂಬಾ". ಎರಡು ಅಕ್ರೋಟು ಕೊಟ್ರೂ ತುಂಬಾ. ಮೂರು ವರ್ಷಕ್ಕೆ ಒಂದರಿಂದ ಹತ್ತರವರೆಗೆ ಗಿಳಿ ಥರ ಒಪ್ಪಿಸೋಳು, ಆದ್ರೆ ಅದು ಬರೀ ಬಾಯಿಪಾಠ. ಎರಡು ಚಮಚ ತಾರೇ ಅಂದ್ರೆ ಎರಡೇ ತರೋಳು. ನಾಲ್ಕು ತಾ ಅಂದ್ರೆ ಬಾಚಿ ತಂದು ಸುರಿಯೋಳು, ನಿಮ್ಮ ಮಾವ ಇದೇನು ಮದುವೆ ಊಟವಾ ಅಂತ ನಗೋರು. ಹಂಗಂತ ದಡ್ಡಿ ಅಲ್ಲ. ಎರಡು ಬಟ್ಟಲಲ್ಲಿ ಚೆರ್ರಿ ಹಣ್ಣು ಇಡು, ಒಂದೇ ನೋಟಕ್ಕೆ ಜಾಸ್ತಿ ಇರೋದನ್ನ ಎಳ್ಕೊಳ್ಳೋಳು. ಎಣಿಸದೇನೇ! ಅದು ಕೂಸಿನ ಜೊತೇಲೇ ಹುಟ್ಟಿ ಬರುತ್ತೆ ಕಣೇ, ಟೀಚರು ಹೇಳಿಕೊಡೋದಲ್ಲ.

ಈ ಈಸ್ಟರಿಗೆ ನೋಡು, ಇದ್ದಕ್ಕಿದ್ದ ಹಾಗೆ ಗುಟ್ಟು ತಿಳಿದುಬಿಡ್ತು ಅವಳಿಗೆ. ಹಬ್ಬಕ್ಕೆ ಬಣ್ಣ ಹಾಕಿದ ಕೆಂಪು ಮೊಟ್ಟೆ ಒಂದೊಂದನ್ನೂ ಮುಟ್ಟಿ ಐದರವರೆಗೆ ಹೇಳಿದ್ಲು. ಆಮೇಲೆ ಬುಟ್ಟೀನೇ ತಬ್ಬಿಕೊಂಡು, "ಅಜ್ಜೀ, ಇದೆಲ್ಲಾ ಸೇರಿ ಐದು" ಅಂದ್ಲು. ಕೊನೇ ಮೊಟ್ಟೆ ಐದಲ್ಲ, ಎಲ್ಲಾ ಸೇರಿ ಐದು! ಮುಖ ಹೊಳೀತಿತ್ತು. ಅವತ್ತು ಮೆಟ್ಟಿಲು ಬಿಡಲಿಲ್ಲ, ಬೇಲಿ ಗೂಟ ಬಿಡಲಿಲ್ಲ, ಪಾದ್ರಿಯ ಗಡ್ಡದ ಎಳೆ ಎಣಿಸೋಕೂ ಹೊರಟಿದ್ಲು. ಅಂಥೋಳಿಗೆ...

ಏನು ಹಾಗೆ ನೋಡ್ತೀಯ? ಹೌದಪ್ಪ, ಆಮೇಲೆ ಬಿಟ್ಲು. ಬೇಸಗೆ ಪೂರ್ತಿ ಎಣಿಸಲಿಲ್ಲ. ಮಕ್ಕಳು ಹಾಗೇ, ಇವತ್ತೊಂದು ಆಟ, ನಾಳೆ ಇನ್ನೊಂದು.

ಮತ್ತೇನು ಕೇಳಿದ್ಲು ಆ ಮಾರಿ? ಚಿತ್ರ ತೋರಿಸಿದ್ಲಾ? ಎಂಥ ಚಿತ್ರ... ಊಟಕ್ಕೆ ಕೂತ ಮನೆ ಮಂದಿ. ಎಷ್ಟು ಜನ ಅಂತ ಕೇಳಿದ್ಲು. ಸರಿ. ಕೂಸು ಏನಂತು?

ಹೇಳೇ.

ಅದ್ಯಾಕೆ ಬಾಯಿ ಮೇಲೆ ಅಂಗೈ ಒತ್ಕೊಂಡೆ? ಹೊಗೆ ಬಡೀತಾ? ನೀರು ಕುಡಿ. ಕೈ ತೆಗಿಯೇ ನೆವೆನಾ, ಮೈ ಜುಂ ಅನ್ನುತ್ತೆ... ರಾಲಿ ಹೀಗೆ ಮಾಡಿದ್ಲಾ? ಎಣಿಸು ಅಂದಾಗ?

ಹಂಗೆ ದುರುಗುಟ್ಟಬೇಡ ನನ್ನನ್ನ. ಮನುಷ್ಯರನ್ನ ಎಣಿಸಬಾರದು. ಕುರಿಮರಿ ಎಣಿಸಬಾರದು, ಜೇನುಗೂಡು ಎಣಿಸಬಾರದು, ಮನೆ ಮಂದೀನ ಎಣಿಸಲೇಬಾರದು. ಎಣಿಸಿದ್ರೆ ಕಮ್ಮಿಯಾಗುತ್ತೆ, ಮೊದಲು ಎಣಿಸಿದೋರೇ ಮೊದಲು ಹೋಗ್ತಾರೆ. ನಮ್ಮಮ್ಮ ನನಗೆ ಹೇಳಿದ್ದು, ನಿಮ್ಮಮ್ಮ ನಿನಗೆ ಹೇಳಿಲ್ವಾ? ಈಸ್ಟರ್ ಊಟಕ್ಕೆ ಕೂತಾಗ ನೀನು ಉಪ್ಪು ತರೋಕೆ ಒಳಗೆ ಹೋಗಿದ್ದೆ, ನನ್ನ ಮಗ ಪ್ಲಾಮೆನ್ ವೈನು ಬಗ್ಗಿಸ್ತಿದ್ದ. ಇವಳು ಬೆರಳು ಚಾಚಿ ಶುರು ಮಾಡಿದ್ಲು. ಅಜ್ಜ, ಅಜ್ಜಿ, ಅಪ್ಪ, ನಿನ್ನ ಖಾಲಿ ಕುರ್ಚೀನೂ ಬಿಡಲಿಲ್ಲ, ಕೊನೆಗೆ ತನ್ನನ್ನೂ. ನಾವು ಐದು ಅಂದ್ಲು. ನಾನು ಅಂಗೈ ಒತ್ತಿ ಅವಳ ಬಾಯಿ ಮುಚ್ಚಿದೆ. ಮೆತ್ತಗೇ ಮುಚ್ಚಿದೆ. ಅಷ್ಟೇ.

ಅಷ್ಟೇ ಅಂದ್ನಲ್ಲ.

ಬೈಯೋದಾದ್ರೆ ಬೈದುಬಿಡು. ಅತ್ತೆ ಅಂತ ನೋಡಬೇಡ, ಬೈಯಿ. ನೀನು ಹೀಗೆ ಕೂತ್ರೆ ನನಗೆ... ಏ ನೆವೆನಾ...

ಆ ಈಸ್ಟರ್ ಆಗಿ ಹನ್ನೊಂದನೇ ದಿನ ನಿಮ್ಮ ಮಾವ ಟೊಮೆಟೊ ಗಿಡಕ್ಕೆ ಕೋಲು ನೆಡ್ತಾ ಇದ್ದೋರು ಅಲ್ಲೇ ಕೂತ್ರು, ಏಳಲಿಲ್ಲ. ಐವತ್ತೆರಡು ವರ್ಷ ಜೊತೇಲಿದ್ದ ಗಂಡಸು, ಒಂದು ಮಾತು ಹೇಳದೆ. ಮಣ್ಣು ಮಾಡಿ ಬಂದ್ವಿ, ನೀನು ಬಂದೋರಿಗೆ ಸತ್ತೋರ ಹೆಸರಲ್ಲಿ ಕೊಡೋ ಗೋಧಿ ಪಾಯಸ ಹಂಚ್ತಿದ್ದೆ. ಈ ಕೂಸು ನನ್ನ ಲಂಗ ಹಿಡಿದು ಅಜ್ಜ ಯಾಕೆ ಹೋದ, ಯಾಕೆ ಹೋದ ಅಂತ... ತಪ್ಪನ್ನ ಯಾರ ಮೇಲಾದ್ರೂ ಹಾಕ್ಬೇಕಿತ್ತು ನನಗೆ.

"ನೀನು ಎಣಿಸಿದೆಯಲ್ಲ, ಅದಕ್ಕೇ" ಅಂದೆ.

ಅಂದೆ ಕಣೇ. ಈ ಬಾಯಲ್ಲೇ ಅಂದೆ. ಅವಳು ಅಳಲಿಲ್ಲ ಕೂಡ. ತಾನೇ ಕೈಯೆತ್ತಿ ಬಾಯಿ ಮುಚ್ಕೊಂಡ್ಲು, ಈಗ ನೀನು ಮಾಡಿದ್ಯಲ್ಲ, ಹಾಗೇ.

ಎಲ್ಲಿಗೆ ಎದ್ದೆ? ಅವಳನ್ನ ಕರೆಯೋಕಾ? ಕೂತ್ಕೋ. ನಾನೇ ಕರೀತೀನಿ, ಮಾಡಿದೋಳು ನಾನು. ರಾಲೀ... ಬಾರೇ ಇಲ್ಲಿ. ಕೋಳಿ ಬಿಡು, ಅವು ಎಲ್ಲೂ ಹೋಗಲ್ಲ. ಹತ್ತಿರ ಬಾ. ಯಾರೂ ಬೈಯಲ್ಲ. ಅಜ್ಜಿ ಅವತ್ತು ಸುಳ್ಳು ಹೇಳಿದ್ಲು ಕಂದ, ಅಜ್ಜ ಹೋದದ್ದು ನಿನ್ನಿಂದ ಅಲ್ಲ. ಕೈ ಕೆಳಗಿಳಿಸು. ಹಾಂ. ಈಗ ಎಣಿಸು, ಇಲ್ಲಿರೋರನ್ನ. ಗಟ್ಟಿಯಾಗಿ ಎಣಿಸು... ಅಯ್ಯೋ, ನಿಮ್ಮಮ್ಮನಿಂದ ಬೇಡ ಮಗಾ. ನನ್ನಿಂದ ಶುರು ಮಾಡು.