ಕಾರಿನ ಮೂಗು

…ಅಲ್ಲ ಅತ್ತೆ, ಸ್ವೆಟರ್ ಮೇಲಿಡಿ. ಪೆಟ್ಟಿಗೆಯ ತಳಕ್ಕೆ ಹಾಕಿದರೆ ಫರೀದಾಬಾದಿನಲ್ಲಿ ತೆಗೆದುಕೊಡುವವರು ಯಾರು? ನಿಮ್ಮ ಕಿರಿಸೊಸೆ ವೈಜಯಂತಿಯಾ? ಅವಳಿಗೆ ನೀವು ಬರುವುದು ಇನ್ನೂ ನಂಬಿಕೆಯಾಗಿಲ್ಲ, ಪಾಪ. ಫೋನಿನಲ್ಲಿ ಎರಡು ಸಲ ಕೇಳಿದಳು, “ಎಷ್ಟು ದಿನಕ್ಕೆ ಅಕ್ಕ?” ಅಂತ.

ಈ ಪಟ್ಟಿಯಾ? ಎಂತದೂ ಇಲ್ಲ, ಬೆರಳಿಗೆ ತುರಿಮಣೆ ತಾಗಿತು. ನಿನ್ನೆ, ಕಾಯಿ ತುರಿಯುವಾಗ. ನೀವು ಸೀರೆ ಮಡಚಿ.

ಇನ್ನೂ ಮಾತಿಲ್ಲವಾ? ನಿನ್ನೆ ಸಂಜೆಯಿಂದ ಬಾಯಿಗೆ ಬೀಗ! ನಿಮ್ಮ ಮಗ ಅಷ್ಟು ಕೂಗಾಡಿದರೂ “ನಾನಲ್ಲ ಕರುಣಾಕರ” ಅನ್ನಲಿಲ್ಲ. ಅನ್ನಲಿಕ್ಕೆ ಮುಖ ಬೇಕಲ್ಲ. ಇಡೀ ಸೊಸೈಟಿ ನೋಡಿದೆ, ನಿನ್ನೆ ಬೆಳಿಗ್ಗೆ ಆಯುಧಪೂಜೆ ಅಂತ ನೀವು ತಂಬಿಗೆ ಎತ್ತಿ ಬಾನೆಟ್ ಮೇಲೆ ನೀರು ಹೊಯ್ದದ್ದು. ಆಮೇಲೆ ಚಕ್ರದಡಿಗೆ ನಾಲ್ಕು ನಿಂಬೆಹಣ್ಣು. ಇವರು ಹೊಸ ಅಂಗಿ ತೊಟ್ಟು ಮದುಮಗನ ಹಾಗೆ ಒಳಗೆ ಕೂತು ಕೀ ತಿರುಗಿಸಿದರು… ಧಡ್! ಅಷ್ಟೇ. ನಿಂಬೆಹಣ್ಣು ಈಗಲೂ ಇಡಿಯಾಗಿ ಅಲ್ಲೇ ಕೂತಿವೆ. ಮೂರನೇ ಮಹಡಿಯ ಚಡ್ಡಾ ಚಪ್ಪಾಳೆ ತಟ್ಟಿದ, “ಭಾಭೀಜಿ, ಹವಾಯಿ ಜಹಾಜ್ ತೋ ಗಯಾ!” ನಮ್ಮ ವಿಮಾನ ಹೋಯಿತಂತೆ.

ನಗಬಾರದು, ಗೊತ್ತು. ನಗು ಬಂದರೆ ಏನು ಮಾಡಲಿ?

ನೀವೇ ಹೇಳಿ. ಯಾವನೋ ಎಂಬಸಿಯವನು ದೇಶಕ್ಕೆ ವಾಪಸ್ಸಾಗುವಾಗ ಕೈತೊಳೆದುಕೊಂಡ ಕಾರು. ಕೆಂಪು, ಎರಡೇ ಬಾಗಿಲು, ಇಂಜಿನ್ ಸತ್ತದ್ದು. ಸತ್ತಿದೆ ಅಂತ ಗೊತ್ತಿದ್ದೇ ಕೊಂಡರು! ದಿಲ್ಲಿಯ ಈ ಮುನಿರ್ಕಾದಲ್ಲಿ ಇಡ್ಲಿ-ವಡೆ ಹೋಟೆಲು ನಡೆಸುವವರಿಗೆ ಸ್ಪೋರ್ಟ್ಸ್ ಕಾರು. ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತದೆ, ಇಳಿಯುವಾಗ ಇಬ್ಬರು ಎಳೆಯಬೇಕು. ಹೋಳಿಯಿಂದ ದಸರೆವರೆಗೆ ಗ್ಯಾರೇಜೇ ಮನೆ. ಇವತ್ತು ಪಿಸ್ಟನ್ ಬಂತು, ನಾಳೆ ರಿಂಗು ಬರುತ್ತದೆ. ಸ್ನಾನ ಮಾಡುತ್ತಾ ಸಿಳ್ಳೆ ಹೊಡೆಯುತ್ತಿದ್ದರು ಅತ್ತೆ! ಮಗಳು ಹುಟ್ಟಿದ ದಿನವೂ ಹೊಡೆದವರಲ್ಲ.

ಸರಿ, ನಿನ್ನೆ ಸಂಜೆ ಗ್ಯಾರೇಜಿನ ಮಿಸ್ತ್ರಿ ಬಂದು ಬಿಚ್ಚಿ ನೋಡಿದ. ಇಂಜಿನ್ನಿನ ಒಳಗೆಲ್ಲ ನೀರು, ರಾಡ್ ಬಗ್ಗಿದೆ. “ಪಾನಿ ಕಿಸ್ನೇ ಡಾಲಾ?” ಅಂದ, ನೀರು ಹಾಕಿದ್ದು ಯಾರು ಅಂತ. ಎಲ್ಲರೂ ನಿಮ್ಮ ಕಡೆ ತಿರುಗಿದರು. ನಾನೂ ತಿರುಗಿದೆ, ಸುಳ್ಳೇಕೆ. “ನಾಳೆಯೇ ತಮ್ಮನ ಮನೆಗೆ ನಡಿ” ಅಂದುಬಿಟ್ಟರು ಇವರು.

ಅಳುತ್ತಿದ್ದೀರಾ? ಇಲ್ಲವಲ್ಲ… ನಾನೇ ಹಾಗಂದುಕೊಂಡೆ. ಪ್ರಣೀತಾ ಅಳುತ್ತಾಳೆ ಅಂತ ಕಾಯಬೇಡಿ. ಬೆಳಿಗ್ಗೆ ಎದ್ದವಳೇ ಕೇಳಿದಳು, “ಮಮ್ಮಾ, ಅಜ್ಜಿ ಕಾ ರೂಮ್ ಅಬ್ ಮೇರಾ ನಾ?” ನಿಮ್ಮ ರೂಮು ಇನ್ನು ಅವಳದಂತೆ. ಕಂಪ್ಯೂಟರ್ ಎಲ್ಲಿಡುವುದು ಅಂತ ಅಳತೆ ಕೂಡ ಮಾಡಿದ್ದಾಳೆ.

ಅಲ್ಲಿ ವೈಜಯಂತಿಯದು ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ. ನಿಮ್ಮ ಮಂಡಿಗೆ ಹತ್ತುವುದು ಒಂದೇ ಸಲ ಅಂತ ಇಟ್ಟುಕೊಳ್ಳಿ, ಇಳಿಯುವ ಮಾತು ಬೇಡ. ನಾವು ಬಂದು ನೋಡಬಹುದಿತ್ತು… ಮೆಟ್ರೋ ಫರೀದಾಬಾದಿಗೆ ಇನ್ನೂ ಬಂದಿಲ್ಲವಲ್ಲ.

ಒಂದು ಕೆಲಸ ಮಾಡಿ. ಅವರು ಟ್ಯಾಕ್ಸಿ ಕರೆದುಕೊಂಡು ಬರುವುದರೊಳಗೆ ಮನಸ್ಸು ಮಾಡಿ. ಬಂದಕೂಡಲೇ “ಹೌದು ಮಗಾ, ನಾನೇ ನೀರು ಹೊಯ್ದೆ, ತಪ್ಪಾಯಿತು” ಅನ್ನಿ. ಅಲ್ಲಿಗೆ ಮುಗಿಯಿತು. ಆಮೇಲೆ ಯಾರೂ ಕೆದಕುವುದಿಲ್ಲ. ತಾಯಿಯನ್ನು ಇವತ್ತಲ್ಲ ನಾಳೆ ಕ್ಷಮಿಸುತ್ತಾರೆ. ಬೇರೆಯವರಾದರೆ…

ಎಂತ? ತಂಬಿಗೆ ಯಾಕೆ ತೋರಿಸುತ್ತೀರಿ? ಇಷ್ಟೇ ನೀರು ಅಂತಲಾ? ಅಯ್ಯೋ ದೇವರೇ, ಬಾನೆಟ್ ಮೇಲೆ ಹೊಯ್ದದ್ದು ಒಳಗೆ ಇಳಿಯುತ್ತದಾ ಅತ್ತೆ! ಹಾಗಾದರೆ ಮಳೆ ಬಂದ ದಿನ ದಿಲ್ಲಿಯ ಕಾರೆಲ್ಲ ಸಾಯಬೇಕಿತ್ತು. ಬಾನೆಟ್ ಎತ್ತಬೇಕು ಮಾರಾಯ್ರೆ. ಎಡಗಡೆ, ದೀಪದ ಹಿಂದೆ ಒಂದು ಕಪ್ಪು ಡಬ್ಬಿ. ಅದು ಕಾರಿನ ಮೂಗು. ಅಲ್ಲಿಂದಲೇ ಉಸಿರೆಳೆಯುವುದು. ಅವರೇ ತೋರಿಸಿದ್ದು, ಗ್ಯಾರೇಜಿನಲ್ಲಿ ಇಂಜಿನ್ ಮೊದಲ ಸಲ ಶುರುವಾದ ದಿನ. ನನ್ನ ಕೈ ಹಿಡಿದು… ಹೌದು, ಕೈ ಹಿಡಿದು! ಮದುವೆಯಾಗಿ ಇಷ್ಟು ವರ್ಷದಲ್ಲಿ ಅಷ್ಟು ಮೆತ್ತಗೆ ಹಿಡಿದವರಲ್ಲ. ಡಬ್ಬಿಯ ಮೇಲೆ ಇಟ್ಟು, “ನೋಡು ನೀಲಾ, ಉಸಿರಾಡುತ್ತಿದೆ” ಅಂದರು. ನಾನು ಉಸಿರಾಡುತ್ತೇನಾ ಅಂತ ಒಂದು ದಿನ ನೋಡಿದ್ದಾರಾ? ಆ ಮೂಗಿಗೇ ಪೈಪ್ ಇಟ್ಟು ನೀರು ಬಿಡಬೇಕು. ನಿಮ್ಮ ತಂಬಿಗೆಯಿಂದ ಏನಾಗುತ್ತದೆ? ಅದರ ಕ್ಲಿಪ್ ಬಿಡಿಸುವುದೇ ಒಂದು ಸಾಹಸ, ಬ್ಲೇಡಿನ ಹಾಗೆ ಬೆರಳನ್ನು…

…

ಯಾಕೆ ಹಾಗೆ ನೋಡುತ್ತೀರಿ? ತುರಿಮಣೆ ಅಂದೆನಲ್ಲ.

ಏನು ತಲೆ ಅಲ್ಲಾಡಿಸುವುದು? ನಿನ್ನೆ ಕಾಯಿ ತುರಿದದ್ದು… ಹೌದು. ನೀವೇ. ಹಾಗಾದರೆ ಮೊನ್ನೆ ಇರಬೇಕು. ಮೊನ್ನೆಯೇ.

ಬೇಡ, ಪಟ್ಟಿ ಬಿಚ್ಚಬೇಡಿ. ಅರಿಶಿನ ಬೇಡ ಅಂದೆನಲ್ಲ! ಬಯ್ಯಿರಿ ಅತ್ತೆ, ಎರಡು ಬಯ್ಯಿರಿ, ಹೀಗೆ ಸುಮ್ಮನೆ… ಪೆಟ್ಟಿಗೆ ಮುಚ್ಚಬೇಡಿ. ಅವರಿಗೆ ನಾನು ಹೇಳುತ್ತೇನೆ, ಅತ್ತೆ ಎಲ್ಲಿಗೂ ಹೋಗುವುದು ಬೇಡ ಅಂತ. ರೂಮು ನಿಮ್ಮದೇ. ಪ್ರಣೀತಾಳಿಗೆ ಎರಡು ಬಿಟ್ಟರೆ ಸರಿಹೋಗುತ್ತಾಳೆ. ಚಲೋ, ಆಯಿತಾ? ಆಯಿತು ಅನ್ನಿ.

ಬೆಲ್ ಆಯಿತು. ಅವರೇ ಇರಬೇಕು, ಟ್ಯಾಕ್ಸಿ ತಂದರು.

ಅತ್ತೆ… ನನ್ನ ಕೈ ಬಿಡಿ.