ಗಂಟೆಯಜ್ಜಿಯ ಹಗ್ಗ

ಬಾಗಿಲು ಹಾಕಿ ಕೂತ್ಕೊಳ್ಳಿ. ಇದನ್ನ ಹಗಲು ಹೊತ್ತು ಹೇಳಿದ್ರೆ ನಗ್ತೀರ, ಅದಕ್ಕೇ ಹೇಳಲ್ಲ. ನಂಬೋದು ಬಿಡೋದು ನಿಮ್ಮಿಷ್ಟ. ಮಧ್ಯೆ ಮಾತ್ರ ಎದ್ದು ಹೋಗಬೇಡಿ...

ನಮ್ಮ ದೊಡ್ಡಮ್ಮನ ಮಗ ಒಬ್ಬನಿದಾನೆ. ನನಗೆ ಅಣ್ಣ ಆಗಬೇಕು. ಪ್ರಿಂಟಿಂಗ್ ಪ್ರೆಸ್ಸಲ್ಲಿ ಗುಮಾಸ್ತ. ಸುಳ್ಳು ಕಟ್ಟಿ ಹೇಳೋವಷ್ಟು ಕಲ್ಪನೆ ಅವನಿಗಿಲ್ಲ. ಸಿನಿಮಾ ಕತೆ ಹೇಳೋ ಅಂದ್ರೆ ಟಿಕೆಟ್ಟಿಗೆ ಎಷ್ಟಾಯ್ತು ಅಂತ ಹೇಳಿ ಸುಮ್ಮನಾಗೋ ಆಸಾಮಿ. ಅಂಥವನಿಗೆ ಆಗಿದ್ದು ಇದು.

ಚರ್ಚಿನ ಲೆಕ್ಕವನ್ನೂ ಅವನೇ ಬರೀತಿದ್ದ. ಅವತ್ತು ಅದನ್ನ ನೋಡಿ ಮುಗಿಸೋ ಹೊತ್ತಿಗೆ ಬೀದಿಯೆಲ್ಲ ಮಲಗಿತ್ತು. ಆಫೀಸು ಕೋಣೆಗೆ ಬೀಗ ಹಾಕಿದ. ಟಾರ್ಚ್ ಹಿಡಿದು ಹೊರಟ. ಗೇಟಿಗೆ ಹೋಗಬೇಕಾದ್ರೆ ಅಂಗಳದ ಹಳೇ ಬಾವಿ ದಾಟಬೇಕು. ಬಾವಿ ಪಕ್ಕದಲ್ಲೇ ಗಂಟೆ ಗೋಪುರ. ಬಾವಿ ಹತ್ರ ಬಂದಾಗ ಕೇಳಿಸ್ತು...

ಜುಂಯ್... ಕಿರ್ರ್... ಟಕ್.

ಬಾವಿ ರಾಟೆ ಅಂದ್ಕೊಂಡ. ಆಮೇಲೆ ನೆನಪಾಯ್ತು, ಆ ಬಾವಿಗೆ ರಾಟೆಯೇ ಇಲ್ಲ. ಪಂಪು ಕೂರಿಸಿದಾಗಲೇ ಕಿತ್ತು ಹಾಕಿದ್ರು.

ಜುಂಯ್... ಕಿರ್ರ್... ಟಕ್.

ಹಗ್ಗ ಕೆಳಗೆ ಎಳೆಯೋ ಸದ್ದು. ಮರಕ್ಕೆ ಉಜ್ಜೋ ಸದ್ದು. ಕೈಯಿಂದ ಬಿಟ್ಟಾಗ ಗಂಟು ಬಡಿಯೋ ಸದ್ದು. ಗಂಟೆ ಹೊಡೆಯೋವಾಗ ಏನೇನು ಸದ್ದಾಗುತ್ತೋ ಎಲ್ಲಾ ಇತ್ತು. ಗಂಟೆದೊಂದೇ ಇರಲಿಲ್ಲ.

ಇರೋದಾದ್ರೂ ಹೇಗೆ? ಗಂಟೆ ಅಂಗಳದ ಮೂಲೇಲಿ ಟಾರ್ಪಾಲ್ ಹೊದ್ದು ಬಿದ್ದಿತ್ತು. ಹಗ್ಗ ಸುತ್ತಿ ಉಗ್ರಾಣದಲ್ಲಿಟ್ಟಿದ್ರು. ಉಗ್ರಾಣದ ಕೀಲಿಕೈ ಇವನ ಜೇಬಲ್ಲೇ ಇತ್ತು.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು.

ಅದು ತೀರಾ ಚಿಕ್ಕ ಚರ್ಚು. ಭಾನುವಾರದ ಕಾಣಿಕೆ ಕರೆಂಟು ಬಿಲ್ಲಿಗೆ ಸರಿಹೋಗೋದು. ಹಿಂದಿರೋ ಮದುವೆ ಹಾಲ್‌ನ ಬಾಡಿಗೆ ಬಂದ್ರೆ ಒಡೆದ ಹಂಚಿಗೆ. ಒಂದು ಕಡೆ ತೇಪೆ ಹಾಕೋ ಹೊತ್ತಿಗೆ ಇನ್ನೊಂದು ಕಡೆ ಗೋಡೆ ಬಾಯಿ ಬಿಡ್ತಿತ್ತು. ಇದನ್ನೆಲ್ಲ ಬಹಳ ವರ್ಷ ನೋಡ್ಕೊಂಡಿದ್ದು ನಮ್ಮಣ್ಣನ ಮಾವ, ಅಂದ್ರೆ ಅವನ ಹೆಂಡತಿಯ ಅಪ್ಪ. ಚರ್ಚಿನ ಬೀಗದ ಕೈಗಳೆಲ್ಲ ಅವರ ಸೊಂಟದಲ್ಲೇ. ನಡೆದ್ರೆ ಜಣಜಣ ಅನ್ನೋದು. ಅದಕ್ಕೇ ಎಲ್ಲರೂ ಬೀಗದ ಮಾವ ಅಂತಿದ್ರು. ಅತ್ತೆ ತೀರಿಕೊಂಡು ಬಹಳ ಕಾಲ ಆಗಿತ್ತು. ಮಗಳು ಒಬ್ಬಳೇ, ಹಾಗಾಗಿ ಅಳಿಯನನ್ನೂ ಮನೇಲೇ ಇಟ್ಕೊಂಡಿದ್ರು. ವಯಸ್ಸಾಯ್ತು ಅಂತ ಖಜಾಂಚಿ ಕೆಲಸವನ್ನೂ ಅಳಿಯನಿಗೇ ವಹಿಸಿದ್ರು. ಹೊರಗಿನವರು ಯಾಕೆ, ಮನೆಯವನೇ ಇರಲಿ ಅಂತ. ಯಾಕೆ ಮನೆಯವನೇ ಬೇಕಿತ್ತು ಅನ್ನೋದು ಆಮೇಲೆ ಗೊತ್ತಾಯ್ತು.

ಗಂಟೆ ಹೊಡೆಯೋದು ಒಬ್ಬಳು ಮುದುಕಿಯ ಕೆಲಸ. ಗಂಟೆಯಜ್ಜಿ ಅಂತಲೇ ಹೆಸರು. ಚರ್ಚಿನ ಹಿಂದೆ ಒಂದು ಕೋಣೇಲಿ ಒಬ್ಬಳೇ ಇದ್ದಳು. ಬೆಳಿಗ್ಗೆ, ಸಂಜೆ, ರಾತ್ರಿ ಮಲಗೋ ಮುಂಚೆ... ಮೂರು ಹೊತ್ತೂ ಹೊಡೀತಿದ್ದಳು.

ಅವಳು ಬೀಗದ ಮಾವನಿಗೆ ಎಷ್ಟೋ ಸಲ ಹೇಳಿದ್ದಳು. "ಸ್ವಾಮಿ, ಮೇಲಿನ ತೊಲೆ ಗೆದ್ದಲು ತಿಂದಿದೆ. ಹಗ್ಗ ಎಳೆದಾಗಲೆಲ್ಲ ತಲೆ ಮೇಲೆ ಪುಡಿ ಉದುರುತ್ತೆ."

ಅದಕ್ಕೆ ಇವರು ಏನಂದ್ರು ಗೊತ್ತಾ? "ತಲೆಗೆ ಬಟ್ಟೆ ಕಟ್ಟಿಕೊಂಡು ಹೊಡಿ."

ಅವಳು ಹಾಗೇ ಮಾಡಿದಳು, ಪಾಪ. ಬಿಳೀ ಬಟ್ಟೆ ಕಟ್ಟಿಕೊಂಡು ಹೊಡೆದಳು.

ಕೊನೆಗೆ ಜನರೇ ಸೇರಿ ದುಡ್ಡು ಹಾಕಿದ್ರು. ಒಳ್ಳೇ ಗಟ್ಟಿ ಮರದ ತೊಲೆ ಲಾರೀಲಿ ಬಂತು. ಗಂಟೆಯ ಕೊಂಡಿ ಕೂರೋಕೆ ಅಂತ ಅಂಗಳದಲ್ಲೇ ಅದರ ಮಧ್ಯೆ ಅರ್ಧಚಂದ್ರದ ಹಾಗೆ ಕೊರೆದದ್ದೂ ಆಯ್ತು. ಫಾದರ್ ಪ್ರಾರ್ಥನೆ ಮಾಡಿದ್ರು. ಒಂದು ವಾರ ಗೋಪುರಕ್ಕೆ ಬೀಗ. ಬೀಗ ತೆಗೆದಾಗ ಮೇಲೆ ಹೊಸ ತೊಲೆ ಫಳಫಳ ಹೊಳೀತಿತ್ತು. ಎಲ್ಲರೂ ಕತ್ತೆತ್ತಿ ನೋಡಿ ಖುಷಿಪಟ್ಟು ಮನೆಗೆ ಹೋದ್ರು.

ಆ ಮಳೆಗಾಲದಲ್ಲೇ, ರಾತ್ರಿ ಗಂಟೆ ಹೊಡೆಯೋವಾಗ, ತೊಲೆ ಮುರಿದು ಗಂಟೆ ಅವಳ ಮೇಲೆ ಬಿತ್ತು.

ಮಣ್ಣು ಮಾಡೋ ದಿನ ಬೀಗದ ಮಾವ ಎಲ್ಲರೆದುರು ಹೇಳಿದ್ರು, "ಹಗ್ಗಕ್ಕೆ ಜೋತುಬೀಳ್ತಿದ್ದಳು ಮುದುಕಿ. ಎಂಥಾ ಮರ ತಾನೇ ತಡೆಯುತ್ತೆ?" ಮುರಿದ ತೊಲೆಯನ್ನ ಯಾರೂ ನೋಡೋ ಮುಂಚೆ ತಾವೇ ಉಗ್ರಾಣಕ್ಕೆ ಹಾಕಿಸಿ ಬೀಗ ಜಡಿದ್ರು. ಮುಂದಿನ ತಿಂಗಳು ಅವಳ ಕೋಣೇನೂ ಬಾಡಿಗೆಗೆ ಹೋಯ್ತು.

ಸರಿ. ಈಗ ಬಾವಿ ಹತ್ರಕ್ಕೆ ಬನ್ನಿ...

ನಮ್ಮಣ್ಣ ಟಾರ್ಚನ್ನ ಗೋಪುರದ ಕಡೆ ತಿರುಗಿಸಿದ. ಬಾಗಿಲು ತೆರೆದಿತ್ತು. ಒಳಗೆ ಯಾರೋ ಬೆನ್ನು ಹಾಕಿ ನಿಂತಿದ್ದರು. ತಲೆಗೆ ಬಿಳೀ ಬಟ್ಟೆ. ಎರಡು ಕೈಯೂ ಮೇಲೆ ಹೋಗ್ತಿದ್ದವು, ಕೆಳಗೆ ಬರ್ತಿದ್ದವು. ಕೈಯಲ್ಲಿ ಏನೂ ಇರಲಿಲ್ಲ. ಮೇಲಿಂದ ಮರದ ಪುಡಿ ಉದುರ್ತಾ ಇತ್ತು... ಸುರ್‌ ಅಂತ, ಜರಡಿ ಹಿಡಿದ ಹಾಗೆ.

"ಯಾರು?" ಅಂದ.

ಕೈ ನಿಂತವು. ತಿರುಗಲಿಲ್ಲ.

"ನಿಮ್ಮ ಮಾವ ಎಲ್ಲಿ?" ಪಿಸುದನಿ. ಗಂಟೆಯಜ್ಜಿಯ ದನಿಯೇ.

"ಮನೇಲಿ..."

"ಎದ್ದಿದಾನಾ?"

"ಮಲಗಿರ್ತಾರೆ."

ಕೈ ಮತ್ತೆ ಮೇಲೆ ಹೋದವು. ಆಮೇಲೆ, "ಏಳಿಸ್ತೀನಿ."

ಟಾರ್ಚು ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಬಿತ್ತೋ... ಓಡಿದ. ಮನೆ ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಪ್ಪನ್ನ ನೋಡ್ರೀ..."

ಮುಂದಿನ ಕೋಣೇಲಿ ಬೀಗದ ಮಾವ ಹಾಸಿಗೆ ಮೇಲೆ ಕೂತಿದ್ದರು. ಕಣ್ಣು ಅಗಲ ತೆರೆದಿತ್ತು. ಎರಡೂ ಕೈ ತಲೆ ಮೇಲೆ ಹೋಗ್ತಿದ್ದವು, ಮುಷ್ಟಿ ಕಟ್ಟಿ ಕೆಳಗೆ ಬರ್ತಿದ್ದವು. ಮತ್ತೆ ಮೇಲೆ... ಮತ್ತೆ ಕೆಳಗೆ...

"ಹಿಡ್ಕೊಳ್ಳೋ," ಅಂದ್ರು ಅಳಿಯನಿಗೆ. "ನನ್ನ ಕೈ ಹಿಡ್ಕೊಳ್ಳೋ!"

ಹಿಡಿದ. ಹಿಡಿದವನನ್ನೂ ಸೇರಿಸಿ ಎತ್ತಿತು ಆ ಕೈ. ಗಂಟೆಯಜ್ಜಿ ಎಷ್ಟು ಹೊತ್ತು ಹೊಡೀತಿದ್ದಳೋ ಅಷ್ಟು ಹೊತ್ತು ನಡೀತು, ಆಮೇಲೆ ನಿಂತಿತು. ಬೆಳಿಗ್ಗೆ ನೋಡಿದ್ರೆ ಅಂಗೈ ಸುಲಿದು ಹೋಗಿತ್ತು. ಡಾಕ್ಟರು ಪಟ್ಟಿ ಕಟ್ಟಿದ್ರು. "ಈ ವಯಸ್ಸಲ್ಲಿ ಹಗ್ಗ ಯಾಕೆ ಎಳೆಯೋಕೆ ಹೋದ್ರಿ?" ಅಂತ ಬೈದ್ರು ಬೇರೆ. ಮನೇಲಿ ಬಟ್ಟೆ ಒಣಹಾಕೋ ತಂತಿ ಬಿಟ್ರೆ ಹಗ್ಗದ ಜಾತಿಯೇ ಇರಲಿಲ್ಲ.

ಮಾರನೇ ರಾತ್ರಿಯೂ ಹಾಗೇ. ಅದರ ಮಾರನೇ ರಾತ್ರಿಯೂ.

ಗೋಪುರದಲ್ಲಿ ಉದುರ್ತಿದ್ದ ಆ ಪುಡಿ ನೆನಪಾಗಿ ನಮ್ಮಣ್ಣ ಉಗ್ರಾಣ ತೆಗೆದ. ಮುರಿದ ತೊಲೆಯ ಮೇಲೆ ಉಗುರಲ್ಲಿ ಕೆರೆದ. ಬಣ್ಣ ಸಿಪ್ಪೆ ಹಾಗೆ ಎದ್ದು ಬಂತು. ಒಳಗೆ ಮರ ಅನ್ನೋದೇ ಇಲ್ಲ. ಬರೀ ಹಿಟ್ಟು. ಹೊಸ ತೊಲೆ ಅಲ್ಲವೇ ಅಲ್ಲ ಅದು, ಹಳೇದಕ್ಕೇ ಬಣ್ಣ ಬಳಿದಿದ್ರು.

ಹಾಗಾದ್ರೆ ಲಾರೀಲಿ ಬಂದ ಮರ?

ಅವತ್ತು ಮಧ್ಯಾಹ್ನ ಅವನು ಮನೆ ಮಹಡಿ ಮೇಲೆ ತನ್ನ ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡಿದ. ಮದುವೆ ಆದ ಮೇಲೆ ಅವನಿಗಾಗಿ ಅಂತಲೇ ಮಾವ ಕಟ್ಟಿಸಿದ ಕೋಣೆ. ತಲೆ ಮೇಲೆ ಒಂದು ದಪ್ಪನೆ ತೊಲೆ. ಅದರ ಮಧ್ಯೆ ಅರ್ಧಚಂದ್ರದ ಹಾಗೆ ಕೊರೆದಿತ್ತು. ಫ್ಯಾನ್ ಹಾಕೋಕೆ ಕೊರೆಸಿರಬೇಕು ಅಂತ ಗಂಡ ಹೆಂಡತಿ ಇಬ್ಬರೂ ಅಂದ್ಕೊಂಡಿದ್ರು.

ಕೆಳಗಿಳಿದು ಬಂದ. "ಮಾವ, ಅದು ಗೋಪುರದ ತೊಲೆ ಅಲ್ವಾ?"

ಅವರು ಪಟ್ಟಿ ಕಟ್ಟಿದ ಕೈ ಮಡಿಲಲ್ಲಿಟ್ಕೊಂಡು ಕೂತಿದ್ರು. "ಮೆತ್ತಗೆ ಮಾತಾಡು."

"ಅಲ್ವಾ?"

"ಮರ ಎಲ್ಲಿದ್ರೂ ದೇವರದೇ. ನಿನ್ನ ಹೆಂಡತಿ ತಲೆ ಮೇಲೂ ಸೂರು ಬೇಕಲ್ಲ."

"ಗಂಟೆಯಜ್ಜಿ ಸತ್ತಳು ಮಾವ..."

"ಮಳೆಗಾಲ ಕಳೀಲಿ, ಬದಲಾಯಿಸೋಣ ಅಂದ್ಕೊಂಡಿದ್ದೆ. ಅವಳಿಗೇನು ಅವಸರವೋ ಜೋತುಬಿದ್ಲು." ಆಮೇಲೆ ಅಳಿಯನ ಮುಖ ನೋಡಿ ಹೇಳಿದ್ರು, "ಬಾಯಿಬಿಟ್ರೆ ಈ ಮನೇಲಿ ನಿನಗೆ ಜಾಗ ಇಲ್ಲ."

ನಮ್ಮಣ್ಣ ಹೆಂಡತಿಗೆ ಹೇಳಿದ. ಅವಳು ಬಹಳ ಹೊತ್ತು ಅತ್ತಳು. ಅಪ್ಪ ಅಲ್ವಾ. ಕಣ್ಣೊರೆಸ್ಕೊಂಡು ಮಹಡಿಗೆ ಹೋಗಿ ಹಾಸಿಗೆ ಸುತ್ತಿ ಕೆಳಗೆ ತಂದು ಹಾಕಿದಳು. "ಆ ಮರದ ಕೆಳಗೆ ನಾನಿನ್ನು ಮಲಗಲ್ಲ. ಇಳಿಸ್ರೀ," ಅಂದಳು.

ಭಾನುವಾರ ಪೂಜೆ ಮುಗಿದ ಮೇಲೆ ಸಭೆ. ನಮ್ಮಣ್ಣ ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಫಾದರ್ ಬೀಗದ ಮಾವನ ಹತ್ರ ಹೋಗಿ ಭುಜದ ಮೇಲೆ ಕೈಯಿಟ್ಟು ಮೆತ್ತಗೆ ಕೇಳಿದ್ರು, "ಅವಳ ತಪ್ಪಲ್ಲ ಅಂತ ಒಂದು ಮಾತು ಹೇಳಿ. ಇಷ್ಟು ಜನರೆದುರು ಒಂದೇ ಮಾತು."

ಬೀಗದ ಮಾವ ಎದ್ದರು. ಸುತ್ತ ನೋಡಿದ್ರು. ಆ ಕೈ, ಆ ಪಟ್ಟಿ, ಪಟ್ಟಿ ಮೇಲೆ ರಕ್ತದ ಕಲೆ...

"ಮುದುಕಿ ಜೋತುಬಿದ್ಲು. ನಾನೇನು ಮಾಡ್ಲಿ," ಅಂದ್ರು.

ಹೊರಗೆ ಹೊರಟೇ ಹೋದ್ರು.

ತೊಲೆ ಇಳಿಸಿದ್ದಾಯ್ತು. ಮಹಡಿ ಸೂರು ಬಿಚ್ಚಿ, ಜನರೇ ಹೆಗಲು ಕೊಟ್ಟು ಚರ್ಚಿಗೆ ಹೊತ್ತು ತಂದ್ರು. ಬೀಗದ ಮಾವ ಕಿಟಕೀಲಿ ನಿಂತು ನೋಡಿದ್ರು. ತೊಲೆ ಗೋಪುರಕ್ಕೇರಿತು, ಗಂಟೆ ಏರಿತು, ಹೊಸ ಹಗ್ಗ ಕಟ್ಟಿದ್ರು. ನಾಳೆ ಬೆಳಿಗ್ಗೆ ಮೊದಲ ಗಂಟೆ ಹೊಡೆಯೋಣ ಅಂದ್ರು ಫಾದರ್. ಹೊಡೆಯೋದು ಯಾರು ಅಂತ ಕೇಳಿದ್ರೆ ಎಲ್ಲರೂ ನೆಲ ನೋಡಿದ್ರು.

ಆ ರಾತ್ರಿ ಗೋಪುರಕ್ಕೆ ಬೀಗ ಹಾಕೋಕೆ ನಮ್ಮಣ್ಣನೇ ಹೋದ. ಬಾಗಿಲು ಎಳೆದು ಚಿಲಕಕ್ಕೆ ಕೈ ಹಾಕಿದಾಗ... ಒಳಗಿಂದ ಸುರ್‌ ಅಂತ ಪುಡಿ ಉದುರೋ ಸದ್ದು. ಹೊಸ ತೊಲೆಯಿಂದ ಪುಡಿ ಹೇಗೆ ಉದುರುತ್ತೆ ಹೇಳಿ.

ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ. "ಅಜ್ಜೀ... ಮರ ವಾಪಸ್ ತಂದಿದೀವಿ."

ಪುಡಿ ಉದುರ್ತಲೇ ಇತ್ತು.

"ಅವರನ್ನ ಬಿಟ್ಟುಬಿಡು ಅಜ್ಜೀ."

ಬಾಗಿಲ ಆ ಕಡೆಯಿಂದ, ಕಿವಿಗೆ ತಾಗೋ ಹಾಗೆ, "ಮರ ಕೇಳಿದ್ಯಾರು?"

"ಮತ್ತೇನು ಬೇಕು?"

"ಅವನೇ ಹೊಡೀಲಿ."

ಜುಂಯ್... ಕಿರ್ರ್... ಟಕ್.

ಆಮೇಲೆ... ಢಣ್.

ಅಷ್ಟು ದಿನ ಬಾಯಿ ಕಟ್ಟಿದ್ದ ಗಂಟೆ ಕೂಗಿದ್ದಕ್ಕೆ ಬೀದಿಗೆ ಬೀದಿಯೇ ಎದ್ದು ಕೂತಿತು. ಫಾದರ್ ಬರಿಗಾಲಲ್ಲಿ ಓಡಿ ಬಂದ್ರು. ಇಬ್ಬರೂ ಬಾಗಿಲು ತಳ್ಳಿ ಲಾಂದ್ರ ಹಿಡಿದು ನೋಡಿದ್ರು. ಒಳಗೆ ಯಾರೂ ಇಲ್ಲ. ಹಗ್ಗ ಮಾತ್ರ ಮೇಲೆ ಹೋಗ್ತಿದೆ, ಕೆಳಗೆ ಬರ್ತಿದೆ. ಯಾರೋ ಹಿಡಿದ ಹಾಗೆ ಬಿಗಿಯಾಗಿ. ಫಾದರ್ ಹಗ್ಗ ಹಿಡಿದು ನಿಲ್ಲಿಸೋಕೆ ಹೋದ್ರು. ತಕ್ಷಣ ಕೈ ಬಿಟ್ಟರು.

"ಏನಾಯ್ತು ಫಾದರ್?"

"ಬಿಸಿಯಾಗಿದೆ... ಯಾರದೋ ಅಂಗೈ ಮುಟ್ಟಿದ ಹಾಗಾಯ್ತು."

ಅದೇ ಹೊತ್ತಿಗೆ ಮನೇಲಿ ನಮ್ಮತ್ತಿಗೆ ಅಪ್ಪನ ಕಾಲು ಹಿಡ್ಕೊಂಡು ಕೂತಿದ್ದಳು. ಪ್ರತಿ ಢಣ್‌ಗೂ ಅವರ ಕೈ ಕೆಳಗೆ ಬರ್ತಿತ್ತಂತೆ. ಮೊದಮೊದಲು ಬೈದ್ರಂತೆ. ಆಮೇಲೆ ಅತ್ರಂತೆ. ಆಮೇಲೆ "ಹೇಳ್ತೀನಿ, ಹೇಳ್ತೀನಿ, ನಿನ್ನ ತಪ್ಪಲ್ಲ" ಅಂತ ಕೂಗಿದ್ರಂತೆ. ಯಾರಿಗೆ ಹೇಳಿದ್ರು, ಕೇಳೋವರು ಯಾರಿದ್ರು? ಇದ್ದದ್ದು ಮಗಳೊಬ್ಬಳೇ. ಎಲ್ಲರೆದುರು ಹೇಳೋ ಹೊತ್ತಲ್ಲಿ ಹೇಳಲಿಲ್ಲ.

ಎಷ್ಟು ಹೊತ್ತು ಹೊಡೀತು ಅಂತ ಯಾರೂ ಗಡಿಯಾರ ನೋಡಲಿಲ್ಲ. ನಿಲ್ಲೋ ಹೊತ್ತಿಗೆ ಕೋಳಿ ಕೂಗ್ತಿತ್ತು. ನಮ್ಮಣ್ಣ ಮನೆಗೆ ಓಡಿ ಬಂದ್ರೆ ಬೀಗದ ಮಾವ ಹಾಸಿಗೆ ಮೇಲೆ ಅಂಗಾತ ಬಿದ್ದಿದ್ರು. ಉಸಿರಿರಲಿಲ್ಲ. ಎರಡೂ ಕೈ ತಲೆಯ ಮೇಲೆ ಚಾಚಿದ್ದವು, ಮುಷ್ಟಿ ಬಿಗಿದು.

ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ, ಮೈ ಸೆಟೆದಿದೆ, ನಾಳೆ ಹೊತ್ತಿಗೆ ಕೈ ತಾನೇ ಸಡಿಲ ಆಗುತ್ತೆ ಅಂದ್ರು. ಆಗಲಿಲ್ಲ. ಬಿಸಿನೀರಲ್ಲಿ ಒರೆಸಿದ್ರು. ಎಣ್ಣೆ ಹಚ್ಚಿ ತಿಕ್ಕಿದ್ರು. ನಾಲ್ಕು ಜನ ಗಂಡಸರು ಹಿಡಿದು ಬಗ್ಗಿಸೋಕೆ ನೋಡಿದ್ರು. ಕೈ ಕೆಳಗೆ ಬರಲೇ ಇಲ್ಲ. ಮಾಡಿಸಿ ತಂದಿದ್ದ ಪೆಟ್ಟಿಗೇಲಿ ಹಿಡಿಸದೆ ವಾಪಸ್ ಕಳಿಸಿ ಬೇರೆ ಮಾಡಿಸಬೇಕಾಯ್ತು.

ಸುಳ್ಳು ಅನ್ನಿಸಿದ್ರೆ ಹಗಲಲ್ಲೇ ಹೋಗಿ ನೋಡಿ ಬನ್ನಿ. ಚರ್ಚಿನ ಹಿಂದೆ ಸಮಾಧಿಗಳು ಸಾಲಾಗಿವೆ, ಎಲ್ಲಾ ಒಂದೇ ಅಳತೆ. ಕೊನೇ ಸಾಲಲ್ಲಿ ಒಂದು ಮಾತ್ರ ಉದ್ದ ಇದೆ, ತಲೆ ಕಡೆ ದಾರಿಗೆ ಚಾಚಿಕೊಂಡಿದೆ. ಜನ ಅಲ್ಲಿ ಸ್ವಲ್ಪ ಬಳಸಿಕೊಂಡು ನಡೀತಾರೆ. ನಾನೂ ಹಾಗೇ ನಡೆದಿದೀನಿ.